ನಿಟ್ಟುಸಿರಿನ ಮರ್ಮ

(ಬಾನುಲಿ ಭಾಷಣ)

ನಮ್ಮ ಕಾವ್ಯಗಳಲ್ಲಿ ನಿಟ್ಟುಸಿರಿಗೆ ಇರುವುದು ಒಂದೇ ಕೆಲಸ. ವಿರಹಿಯ ಎದೆಯಿಂದಲೋ, ಸೋತ ಅರಸನ ಎದೆಯಿಂದಲೋ ಅದು ಹೊರಡುತ್ತದೆ. ಒಳಗಿನ ದುಃಖವನ್ನು ಸಾರಿ ಗಾಳಿಯಲ್ಲಿ ಕರಗಿಹೋಗುತ್ತದೆ. ವೈದ್ಯಶಾಸ್ತ್ರ ಕಂಡುಕೊಂಡ ನಿಟ್ಟುಸಿರಿಗೆ ಬೇರೊಂದು ಕೆಲಸವಿದೆ. ಯಾವ ಚಿಂತೆಯೂ ಇಲ್ಲದೆ ಹಾಯಾಗಿ ಕುಳಿತಿರುವ ಮನುಷ್ಯ ಕೂಡ ತನಗೇ ತಿಳಿಯದಂತೆ ಗಂಟೆಗೆ ಹತ್ತು ಹನ್ನೆರಡು ಬಾರಿ ನೀಳವಾದ ಉಸಿರೊಂದನ್ನು ಎಳೆದು ಬಿಡುತ್ತಾನೆ. ತೊಟ್ಟಿಲಲ್ಲಿ ಮಲಗಿದ ಕೂಸೂ ಹೀಗೆ ಮಾಡುತ್ತದೆ. ಅದಕ್ಕೆ ಯಾವ ವಿರಹ? ಯಾವ ಸೋಲು?

ಇದರ ಮರ್ಮ ತಿಳಿಯಬೇಕಾದರೆ ಶ್ವಾಸಕೋಶದ ಒಳರಚನೆಯನ್ನು ಕೊಂಚ ನೋಡಬೇಕು. ಶ್ವಾಸನಾಳ ಮರದ ಹಾಗೆ ಕವಲೊಡೆಯುತ್ತಾ ಹೋಗಿ, ಕೊನೆಯ ರೆಂಬೆಗಳ ತುದಿಯಲ್ಲಿ ಗಾಳಿಗೂಡುಗಳೆಂಬ ಸೂಕ್ಷ್ಮ ಗುಳ್ಳೆಗಳಾಗುತ್ತದೆ. ಎರಡೂ ಶ್ವಾಸಕೋಶಗಳಲ್ಲಿ ಇಂಥ ಗುಳ್ಳೆಗಳು 30 ಕೋಟಿಗೂ ಮಿಕ್ಕಿವೆ. ಇವುಗಳ ತೆಳುಗೋಡೆಯ ಮೂಲಕವೇ ಗಾಳಿಯಲ್ಲಿನ ಆಮ್ಲಜನಕ ರಕ್ತವನ್ನು ಸೇರುವುದು. ಈ ಗುಳ್ಳೆಗಳ ಒಳಮೈ ತೇವವಾಗಿದೆ. ಒದ್ದೆಯಾದ ಎರಡು ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಗಾಳಿ ಕಡಿಮೆಯಾದ ಗುಳ್ಳೆಯ ಗೋಡೆಗಳೂ ಅಂಟಿಕೊಳ್ಳಲು ಹವಣಿಸುತ್ತವೆ. ಸಾಧಾರಣ ಉಸಿರು ಎಲ್ಲ ಗುಳ್ಳೆಗಳನ್ನೂ ತಲುಪಲಾರದು. ಮುಚ್ಚಿಕೊಳ್ಳುತ್ತಿರುವ ಗುಳ್ಳೆಗಳನ್ನು ಮತ್ತೆ ಅರಳಿಸಲೆಂದೇ ದೇಹ ಆಗಾಗ ಎರಡು ಪಟ್ಟು ದೊಡ್ಡದಾದ ಒಂದು ಉಸಿರನ್ನು ಎಳೆಯುತ್ತದೆ. ನಿಟ್ಟುಸಿರೆಂದರೆ ಇದೇ. ಕವಿಗೆ ಅದು ಶೋಕದ ಗುರುತು; ಶ್ವಾಸಕೋಶಕ್ಕೆ ದಿನಚರಿಯ ದುರಸ್ತಿ.

ಶಸ್ತ್ರಚಿಕಿತ್ಸೆಗೆ ಒಳಗಾದ ಮನುಷ್ಯನಿಗೆ ಈ ನಿಟ್ಟುಸಿರು ತಪ್ಪಿಹೋಗುತ್ತದೆ. ಇಂದು ನಾನು ಹೇಳಲಿರುವ ವಿಷಯದ ತಿರುಳು ಇದೇ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ರೋಗಿಗಳಿಗೆ ಅರಿವಳಿಕೆ ಕೊಡುವುದು ನನ್ನ ವೃತ್ತಿ. ಕುಕನೂರು, ಕಾರಟಗಿ, ಕನಕಗಿರಿಗಳು ಪ್ರತ್ಯೇಕಗೊಂಡು ಜಿಲ್ಲೆಯ ತಾಲ್ಲೂಕುಗಳು ಈಗ ಏಳಾಗಿವೆಯಾದರೂ ಜನರ ಬಾಯಲ್ಲಿ ಹಳೆಯ ನಾಲ್ಕು ಹೆಸರುಗಳೇ ಉಳಿದಿವೆ. ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಕಾದಿರುವ ಬಂಧುಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಆಪರೇಷನ್ ಸಕ್ಸಸ್ ಆತೇನ್ರೀ?" ಆಯಿತೆಂದು ಹೇಳಿದೊಡನೆ ಎಲ್ಲರ ಮುಖದಲ್ಲೂ ಗೆಲುವು ಮೂಡುತ್ತದೆ. ಆ ಗೆಲುವನ್ನು ಕುಂದಿಸುವ ಮನಸ್ಸು ಯಾವ ವೈದ್ಯನಿಗೂ ಇರುವುದಿಲ್ಲ. ಆದರೂ ಹೇಳಲೇಬೇಕಾದ ಮಾತೊಂದಿದೆ. ಹೊಟ್ಟೆಯ ಕೆಲಸ ಮುಗಿದಿರಬಹುದು. ಎದೆಯ ಕೆಲಸ ಈಗ ಆರಂಭವಾಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಗಳ ಅನಂತರ ರೋಗಿಯನ್ನು ಕಾಡುವ ತೊಡಕುಗಳಲ್ಲಿ ಉಸಿರಾಟಕ್ಕೆ ಸಂಬಂಧಿಸಿದವು ಅಗ್ರಸ್ಥಾನದಲ್ಲಿವೆ. ಕರುಳಿನ ಮೇಲೆ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಕರುಳು ಸೊಗಸಾಗಿ ಕೂಡಿಕೊಂಡಿದ್ದರೂ ಶ್ವಾಸಕೋಶ ಕೈಕೊಟ್ಟು ರೋಗಿ ಸಾವಿನ ಅಂಚಿಗೆ ಹೋಗುವುದುಂಟು.

ಉಸಿರಿನ ಕಡೆ ಗಮನವಿಡಬೇಕೆಂಬ ಮಾತಿಗೆ ನಮ್ಮ ಸೀಮೆಯೊಡನೆ ಒಂದು ಹಳೆಯ ನಂಟಿದೆ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಇದು ರಾಯಚೂರು ಜಿಲ್ಲೆಯ ಭಾಗ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ನೆಲ. ಆ ಸಂಸ್ಥಾನದ ರಾಜಧಾನಿಯಲ್ಲಿ 1888 ಮತ್ತು 1889ರಲ್ಲಿ ನಡೆದ ಎರಡು ವಿಚಾರಣೆಗಳು ಜಗತ್ತಿನ ವೈದ್ಯಲೋಕದ ಗಮನ ಸೆಳೆದವು. ಕ್ಲೋರೋಫಾರ್ಮ್ ಬಳಕೆಗೆ ಬಂದದ್ದು 1847ರಲ್ಲಿ, ಎಡಿನ್‌ಬರೋದ ಸಿಂಪ್ಸನ್ನರಿಂದ. ಅದನ್ನು ಮೂಸಿಸಿದಾಗ ಕೆಲವು ರೋಗಿಗಳು ಮೇಜಿನ ಮೇಲೆಯೇ ಸಾಯುತ್ತಿದ್ದರು. ಮೊದಲು ನಿಲ್ಲುವುದು ಹೃದಯವೋ ಉಸಿರೋ ಎಂಬುದು ದೊಡ್ಡ ವಿವಾದವಾಗಿತ್ತು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ, ಉಸಿರೇ ಮೊದಲು ನಿಲ್ಲುತ್ತದೆಂದು ದೃಢವಾಗಿ ನಂಬಿದ್ದರು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಧನಸಹಾಯದಿಂದ ಪ್ರಯೋಗಗಳು ನಡೆದವು. ಎರಡನೆಯ ವಿಚಾರಣೆಗೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ತನ್ನ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ನರನ್ನು ಕಳುಹಿಸಿತು. ಅದರ ವೆಚ್ಚಕ್ಕೆಂದು ನಿಜಾಮರು 1000 ಪೌಂಡು ಕೊಟ್ಟಿದ್ದರು. ನಾಡಿಯನ್ನು ನೆಚ್ಚಬೇಡಿ, ಉಸಿರನ್ನು ನೋಡುತ್ತಿರಿ ಎಂಬುದು ಆ ವಿಚಾರಣೆಗಳ ಸಾರಾಂಶ.

ಲಾರಿಯವರ ಸಿದ್ಧಾಂತ ಅರ್ಧ ಮಾತ್ರ ಸತ್ಯವಾಗಿತ್ತು. ಕ್ಲೋರೋಫಾರ್ಮ್ ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲುದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಇಂದು ನಾವು ನಾಡಿಯನ್ನೂ ನೋಡುತ್ತೇವೆ, ಉಸಿರನ್ನೂ ನೋಡುತ್ತೇವೆ. ಕ್ಲೋರೋಫಾರ್ಮ್ ಅಂತೂ ಎಂದೋ ಮೂಲೆ ಸೇರಿತು. ಆದರೆ ಮಲಗಿದ ರೋಗಿಯ ಎದೆ ಏರಿಳಿಯುವುದರಿಂದ ಕಣ್ಣು ಕೀಳಬಾರದೆಂಬ ಆ ಶಿಸ್ತು ಉಳಿದುಕೊಂಡಿತು. ಹೈದರಾಬಾದಿನ ವೈದ್ಯಕೀಯ ಶಾಲೆಯಲ್ಲಿ ಅದೇ ಕಾಲದಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆ, ಅರಿವಳಿಕೆಯನ್ನೇ ವೃತ್ತಿಯಾಗಿ ಹಿಡಿದ ಜಗತ್ತಿನ ಮೊದಲ ಮಹಿಳೆಯರಲ್ಲಿ ಒಬ್ಬರು. ಈ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಇರಬೇಕಾಗಿತ್ತು.

ರೋಗಿಗೆ ಎಚ್ಚರವಾದೊಡನೆ ಹೈದರಾಬಾದಿನ ಶಿಸ್ತು ಮುಗಿಯುತ್ತಿತ್ತು. ಎಚ್ಚರವಾದ ಮೇಲಿನ ದಿನಗಳಲ್ಲಿ ಉಸಿರಿಗೆ ಏನಾಗುತ್ತದೆಂಬುದನ್ನು ಮೊದಲು ಸ್ಪಷ್ಟವಾಗಿ ಕಂಡವರು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಲಿಯಂ ಪಾಶ್ಚರ್. ಹುಚ್ಚುನಾಯಿಯ ಲಸಿಕೆಯ ಫ್ರೆಂಚ್ ಪಾಶ್ಚರ್ ಬೇರೆ, ಇವರು ಬೇರೆ. ಗಂಟಲಮಾರಿಯಲ್ಲಿ ವಪೆಗೆ ಪಾರ್ಶ್ವವಾಯು ಬಡಿದ ಮಕ್ಕಳ ಶ್ವಾಸಕೋಶದ ತಳಭಾಗ ಗಾಳಿಯಿಲ್ಲದೆ ಕುಸಿದಿರುವುದನ್ನು ಅವರು ಮೊದಲೇ ಗಮನಿಸಿದ್ದರು. ವಪೆಯೆಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಲ್ಲಿಯೂ ಇಂಥದೇ ಕುಸಿತ ಕಾಣಿಸಿಕೊಳ್ಳುತ್ತದೆಂದು 1908ರಿಂದ 1910ರ ನಡುವೆ ಅವರು ವಿವರಿಸಿದರು. ಅದುವರೆಗೆ ವೈದ್ಯರು ಇದನ್ನೆಲ್ಲ ಶೀತದಿಂದ ಬಂದ ನ್ಯುಮೋನಿಯಾ ಎಂದೋ, ಅರಿವಳಿಕೆಯ ಆವಿಯ ದೋಷವೆಂದೋ ಸುಮ್ಮನಾಗುತ್ತಿದ್ದರು. ಸಮಸ್ಯೆ ಹೊರಗಿನ ಥಂಡಿಯಲ್ಲಿಲ್ಲ, ದುಡಿಯದೆ ನಿಂತ ವಪೆಯಲ್ಲಿದೆ ಎಂಬುದು ಪಾಶ್ಚರರ ಮುಖ್ಯ ಕಾಣ್ಕೆ.

ವಪೆ ಏಕೆ ದುಡಿಯುವುದಿಲ್ಲ? ಮೊದಲನೆಯ ಕಾರಣ ನೋವು. ಹೊಕ್ಕುಳಿನ ಮೇಲ್ಭಾಗದಲ್ಲಿ ಕೊಯ್ತ ಬಿದ್ದ ಮನುಷ್ಯ ಆಳವಾಗಿ ಉಸಿರೆಳೆಯಲು ಹೋದರೆ ಗಾಯ ಜಗ್ಗುತ್ತದೆ. ಆದ್ದರಿಂದ ಅವನು ಮೇಲುಮೇಲೆ, ಬೇಗಬೇಗ ಉಸಿರಾಡುತ್ತಾನೆ. ಎರಡನೆಯದು ನರಮಂಡಲದ ಒಂದು ಪ್ರತಿವರ್ತನೆ. ಪಿತ್ತಕೋಶ, ಜಠರಗಳ ಸುತ್ತ ಕೈಯಾಡಿಸಿದರೆ ವಪೆಗೆ ಹೋಗುವ ಆಜ್ಞೆಯೇ ತಗ್ಗುತ್ತದೆ. ನೋವನ್ನು ಪೂರ್ತಿ ಅಡಗಿಸಿದರೂ ವಪೆ ಒಡನೆಯೇ ಹಳೆಯ ಬಲಕ್ಕೆ ಮರಳುವುದಿಲ್ಲ. ಮೂರನೆಯದು ಔಷಧಗಳ ಪ್ರಭಾವ. ಮಾರ್ಫಿನ್ ಜಾತಿಯ ನೋವುನಿವಾರಕಗಳು ಉಸಿರಾಟದ ಕೇಂದ್ರವನ್ನು ಮಂಕಾಗಿಸಿ, ಕೆಮ್ಮನ್ನೂ ನಿಟ್ಟುಸಿರನ್ನೂ ಅಡಗಿಸುತ್ತವೆ. ಇವೆಲ್ಲ ಸೇರಿ, ಹೊಟ್ಟೆಯ ಮೇಲ್ಭಾಗದ ದೊಡ್ಡ ಶಸ್ತ್ರಚಿಕಿತ್ಸೆಯ ಮಾರನೆಯ ದಿನ ರೋಗಿ ಎಳೆಯಬಲ್ಲ ಅತಿ ದೊಡ್ಡ ಉಸಿರು ಮೊದಲಿನ ಅರ್ಧದಷ್ಟಕ್ಕೆ ಇಳಿದಿರುತ್ತದೆ. ಅದು ಮರಳಿ ಸರಿಹೋಗಲು ವಾರವೋ ಹತ್ತು ದಿನವೋ ಬೇಕು. ಹೊಕ್ಕುಳಿನ ಕೆಳಗಿನ ಕೊಯ್ತದಲ್ಲಿ ಈ ಇಳಿತ ಕಡಿಮೆ; ಸಣ್ಣ ರಂಧ್ರಗಳ ಮೂಲಕ ದುರ್ಬೀನು ತೂರಿಸಿ ಮಾಡುವ ವಿಧಾನದಲ್ಲಿಯೂ ಕಡಿಮೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡಿದರೆ ಎದೆಗೆ ಯಾವ ಬಾಧೆಯೂ ಇಲ್ಲವೆಂದು ಹಲವರು ತಿಳಿದಿದ್ದಾರೆ. ಬಾಧೆ ಕಡಿಮೆಯೆನ್ನಬಹುದು, ಇಲ್ಲವೇ ಇಲ್ಲ ಎನ್ನಲಾಗದು.

ಅರಿವಳಿಕೆಯ ನಿದ್ದೆಯಲ್ಲಿ ಯಂತ್ರ ಒಂದೇ ಅಳತೆಯ ಉಸಿರನ್ನು ಕೊಡುತ್ತಿದ್ದರೆ ರಕ್ತದ ಆಮ್ಲಜನಕ ಮೆಲ್ಲಮೆಲ್ಲಗೆ ಇಳಿಯುತ್ತದೆ, ನಡುವೆ ಕೆಲವು ದೊಡ್ಡ ಉಸಿರುಗಳನ್ನು ಕೊಟ್ಟರೆ ಮತ್ತೆ ಏರುತ್ತದೆ ಎಂಬುದನ್ನು 1963ರಲ್ಲಿ ಬಾಸ್ಟನ್ನಿನಲ್ಲಿ ಬೆಂಡಿಕ್ಸನ್ ಮತ್ತು ಸಂಗಡಿಗರು ತೋರಿಸಿದರು. ನಿಟ್ಟುಸಿರಿನ ಬೆಲೆ ವೈದ್ಯರಿಗೆ ಆಗ ತಿಳಿಯಿತು. 1980ರ ದಶಕದಲ್ಲಿ ಸ್ವೀಡನ್ನಿನ ಹೆಡೆನ್‌ಸ್ಟಿಯರ್ನಾ ಸಿ.ಟಿ. ಸ್ಕ್ಯಾನಿನ ನೆರವಿನಿಂದ ನೋಡಿದಾಗ, ಅರಿವಳಿಕೆ ಪಡೆದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯ ಶ್ವಾಸಕೋಶದ ತಳದಲ್ಲಿ ಕೆಲವೇ ನಿಮಿಷಗಳಲ್ಲಿ ಕುಸಿತ ಕಂಡಿತು. ಅಂದರೆ ಇದು ಯಾರೋ ದುರದೃಷ್ಟಶಾಲಿಗೆ ಮಾತ್ರ ಬರುವ ತೊಂದರೆಯಲ್ಲ; ಬಹುಮಟ್ಟಿಗೆ ಎಲ್ಲರಿಗೂ ಬರುತ್ತದೆ. ಬಹುಪಾಲು ಜನರಲ್ಲಿ ಎದ್ದು ಓಡಾಡಿದೊಡನೆ ತಾನಾಗಿಯೇ ಸರಿಹೋಗುತ್ತದೆ. ಸರಿಹೋಗದವರಲ್ಲಿ ಮುಚ್ಚಿದ ಗುಳ್ಳೆಗಳ ಹಿಂದೆ ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ರೋಗಾಣುಗಳು ಬೆಳೆಯುತ್ತವೆ, ಅದೇ ನ್ಯುಮೋನಿಯಾ. ಹರಿಯುವ ಕಾಲುವೆಯ ನೀರಿಗೂ ನಿಂತ ಹೊಂಡದ ನೀರಿಗೂ ಇರುವ ವ್ಯತ್ಯಾಸವನ್ನು ಗಂಗಾವತಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಮ್ಮ ಸೀಮೆಯ ಎದೆಗಳ ವಿಚಾರ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಕಣಜದ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ಗಿರಣಿಯಲ್ಲಿ ದುಡಿಯುವವರು ಹೊಟ್ಟು, ತೌಡುಗಳ ಧೂಳನ್ನು ದಿನವಿಡೀ ಉಸಿರಾಡುತ್ತಾರೆ. ಕುಷ್ಟಗಿ ಸೀಮೆಯಲ್ಲಿ ಕೆಂಪು ಗ್ರಾನೈಟಿನ ಗಣಿಗಳಿವೆ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಸೇರಿದರೆ ಹೊರಬರುವುದಿಲ್ಲ, ಅಲ್ಲಿಯೇ ಗಾಯದ ಕಲೆಯಾಗಿ ಕೂರುತ್ತದೆ. ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳ ಒಲೆ ಇನ್ನೂ ಪೂರ್ತಿ ಆರಿಲ್ಲ. ಮೂವತ್ತು ನಲವತ್ತು ವರ್ಷ ಆ ಒಲೆಯ ಮುಂದೆ ರೊಟ್ಟಿ ಬಡಿದ ತಾಯಿ ಒಂದು ಬೀಡಿಯನ್ನೂ ಮುಟ್ಟದಿದ್ದರೂ ಅವಳ ಶ್ವಾಸಕೋಶ ಬೀಡಿ ಸೇದಿದವನ ಶ್ವಾಸಕೋಶದಂತೆ ಆಗಿರಬಹುದು. ಕೊಪ್ಪಳದ ಪಕ್ಕದ ಗಿಣಿಗೇರಿಯ ಸುತ್ತ ಕಾರ್ಖಾನೆಗಳ ಹೊಗೆಯಿದೆ. ಇವೆಲ್ಲದರ ಮೇಲೆ ಬೀಡಿ, ಸಿಗರೇಟು ಬೇರೆ. ಶ್ವಾಸನಾಳದ ಒಳಮೈಯಲ್ಲಿ ಕಫವನ್ನು ಮೇಲಕ್ಕೆ ಗುಡಿಸುವ ನವಿರಾದ ಕೂದಲುಗಳಿವೆ. ಹೊಗೆ ಅವನ್ನು ಸುಟ್ಟು ಸೊರಗಿಸುತ್ತದೆ. ಗುಡಿಸುವವರಿಲ್ಲದ ಮನೆಗೆ ಶಸ್ತ್ರಚಿಕಿತ್ಸೆ ಇನ್ನಷ್ಟು ಕಸವನ್ನು ತಂದುಹಾಕುತ್ತದೆ.

ಆದ್ದರಿಂದ ಎಚ್ಚರಿಕೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆರಂಭವಾಗಬೇಕು. ನಮ್ಮ ಕಡೆ ತಡೆದು ಮಾಡಬಹುದಾದ ಶಸ್ತ್ರಚಿಕಿತ್ಸೆಗಳನ್ನು, ಉದಾಹರಣೆಗೆ ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶದ ಗಡ್ಡೆ ಇಂಥವುಗಳನ್ನು, ಸುಗ್ಗಿ ಮುಗಿಯಲಿ, ಗವಿಮಠದ ಜಾತ್ರೆ ಮುಗಿಯಲಿ ಎಂದು ಮುಂದೂಡುವುದು ವಾಡಿಕೆ. ವೈದ್ಯರು ಒಪ್ಪಿದ್ದರೆ ಮುಂದೂಡುವುದರಲ್ಲಿ ತಪ್ಪಿಲ್ಲ. ಆ ಎರಡು ತಿಂಗಳನ್ನು ಸುಮ್ಮನೆ ಕಳೆಯಬಾರದು, ಅಷ್ಟೆ. ಬೀಡಿ ಬಿಟ್ಟು ನಾಲ್ಕು ವಾರವಾದರೆ ಅಪಾಯ ಗಣನೀಯವಾಗಿ ತಗ್ಗುತ್ತದೆ, ಎಂಟು ವಾರವಾದರೆ ಇನ್ನೂ ಉತ್ತಮ. ಬಿಟ್ಟು ಒಂದು ದಿನವಾದರೂ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿದ್ದ ಇಂಗಾಲದ ವಿಷಾನಿಲ ಬಹುಪಾಲು ಹೊರಬೀಳುತ್ತದೆ. ದಮ್ಮು ಇದ್ದವರು ಅದಕ್ಕೆ ಮೊದಲೇ ಸರಿಯಾದ ಔಷಧ ಪಡೆದು ಹದಕ್ಕೆ ತಂದುಕೊಳ್ಳಬೇಕು. ಎಳೆಯುವ ಔಷಧವಿದ್ದರೆ ಶಸ್ತ್ರಚಿಕಿತ್ಸೆಯ ದಿನವೂ ಜೊತೆಗೆ ತರಬೇಕು. ನಾನು ಕೇಳಿದಾಗ ಹಿರಿಯರು ಬೀಡಿಯ ವಿಚಾರವನ್ನು ಮಕ್ಕಳ ಎದುರಿಗೆ ಹೇಳಲು ಸಂಕೋಚಪಡುತ್ತಾರೆ. ವೈದ್ಯನಿಗೆ ಆ ಲೆಕ್ಕ ಬೇಕಾಗಿರುವುದು ದೂಷಿಸುವುದಕ್ಕಲ್ಲ, ಔಷಧದ ಅಳತೆ ಹಾಕುವುದಕ್ಕೆ.

ಇಲ್ಲಿಯೇ ಉಪವಾಸದ ಮಾತನ್ನೂ ಹೇಳಿಬಿಡುತ್ತೇನೆ. ಅರಿವು ತಪ್ಪಿದಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿದರೆ ಶ್ವಾಸಕೋಶ ಸುಡುತ್ತದೆ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಗರ್ಭಿಣಿಯರ ದಾಖಲೆಗಳನ್ನು ಶೋಧಿಸಿ, ಅರಿವಳಿಕೆಯಲ್ಲಿ ಹೀಗಾದ 66 ಪ್ರಸಂಗಗಳನ್ನು ಗುರುತಿಸಿದರು. ಸತ್ತ ಇಬ್ಬರ ಶ್ವಾಸನಾಳಕ್ಕೆ ಗಟ್ಟಿ ಆಹಾರ ಅಡ್ಡಬಿದ್ದಿತ್ತು. ಇಂದಿನ ನಿಯಮ ಸರಳ: ಊಟ ಉಪಾಹಾರ, ಹಾಲು, ಹಾಲು ಬೆರೆತ ಚಹಾ, ಇವಕ್ಕೆ ಕಡೆಯಪಕ್ಷ ಆರು ಗಂಟೆಯ ಅಂತರ, ಕರಿದ ತಿಂಡಿಗೆ ಇನ್ನೂ ಹೆಚ್ಚು; ಬರಿಯ ನೀರಿಗೆ ಎರಡು ಗಂಟೆ. ಹೆರಿಗೆಗೆ ಬಂದ ಮಗಳಿಗೆ ತ್ರಾಣ ಬರಲೆಂದು ತಾಯಿ ಸೆರಗಿನ ಮರೆಯಲ್ಲಿ ಒಂದು ಲೋಟ ಹಾಲು ಕುಡಿಸುತ್ತಾಳೆ. ಕುಡಿಸಿದ್ದರೆ ದಯವಿಟ್ಟು ಹೇಳಬೇಕು. ಹೇಳಿದರೆ ಬೈಗುಳ ಬರಬಹುದು. ಹೇಳದಿದ್ದರೆ ಜೀವ ಹೋಗಬಹುದು.

ಈಗ ಶಸ್ತ್ರಚಿಕಿತ್ಸೆಯ ಅನಂತರದ ಹಾಸಿಗೆಯ ಬಳಿಗೆ ಬರೋಣ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ನಿಜವಾದ ದಾದಿ ಅವನ ಮನೆಯವರೇ. ಹಗಲಿರುಳು ಪಕ್ಕದಲ್ಲಿ ಕೂರುವವರು ಹೆಂಡತಿ, ತಾಯಿ, ತಂಗಿ, ಮಗ. ಅವರ ಬಾಯಿಂದ ಬರುವ ಮಾತುಗಳನ್ನು ನಾನು ಸಾವಿರ ಸಲ ಕೇಳಿದ್ದೇನೆ: "ಸುಮ್ನ ಮಲಕ್ಕೊ ಯಪ್ಪಾ, ಅಲಗ್ಯಾಡಬ್ಯಾಡ." "ಕೆಮ್ಮಬ್ಯಾಡವ್ವಾ, ಹೊಲಿಗಿ ಹರೀತಾವು." ಇವು ಪ್ರೀತಿಯ ಮಾತುಗಳು; ಗಾಯಗೊಂಡ ದೇಹಕ್ಕೆ ವಿಶ್ರಾಂತಿ ಬೇಕೆಂಬ ಸಹಜ ವಿವೇಕದಿಂದ ಹುಟ್ಟಿದವು. ಆದರೆ ಶ್ವಾಸಕೋಶದ ಮಟ್ಟಿಗೆ ಇಷ್ಟು ಅಪಾಯದ ಮಾತುಗಳು ಬೇರೆ ಇಲ್ಲ. ಅಲುಗದೆ ಅಂಗಾತ ಮಲಗಿದರೆ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಕೆಮ್ಮನ್ನು ತಡೆದರೆ ಕಫ ನಿಲ್ಲುತ್ತದೆ. ಕಾಲು ಆಡಿಸದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತವೂ ನಿಲ್ಲುತ್ತದೆ.

ಈ ನಂಬಿಕೆ ನಮ್ಮ ಹಳ್ಳಿಯವರದು ಮಾತ್ರವೆಂದು ಭಾವಿಸಬೇಕಾಗಿಲ್ಲ. ಯೂರೋಪು, ಅಮೆರಿಕಗಳ ದೊಡ್ಡ ಶಸ್ತ್ರವೈದ್ಯರೇ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ರೋಗಿಗಳನ್ನು ಎರಡು ಮೂರು ವಾರ ಹಾಸಿಗೆಯಲ್ಲಿ ಕಟ್ಟಿಹಾಕುತ್ತಿದ್ದರು. ಬೇಗ ಎಬ್ಬಿಸಿ ನಡೆಸಿದರೆ ಒಳ್ಳೆಯದೆಂದು ಚಿಕಾಗೋದ ಎಮಿಲ್ ರೀಸ್ 1899ರಲ್ಲಿಯೇ ಹೇಳಿದ್ದರು, ಕಿವಿಗೊಟ್ಟವರು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಹಾಸಿಗೆಗಳೂ ದಾದಿಯರೂ ಸಾಲದೆ ಬಂದಾಗ ರೋಗಿಗಳನ್ನು ಬೇಗ ಎಬ್ಬಿಸುವುದು ಅನಿವಾರ್ಯವಾಯಿತು. ಡೆಟ್ರಾಯಿಟಿನ ಲೈಥಾಸರ್ ಮೊದಲಾದವರು ಇದನ್ನೇ ಪದ್ಧತಿಯಾಗಿ ಬೋಧಿಸಿದರು. ಹೊಲಿಗೆಗಳು ಹರಿಯಲಿಲ್ಲ, ಜನ ಬೇಗ ಗುಣವಾದರು. ಎದೆಗೆ ಒಳಿತಾದದ್ದನ್ನು ಕಂಡಮೇಲೆ ಹಳೆಯ ಪದ್ಧತಿಗೆ ಮರಳುವವರು ಇರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ತಲೆಯ ಕಡೆ ಹಾಸಿಗೆಯನ್ನು ಎತ್ತರಿಸಿ ಒರಗಿ ಕೂರಿಸಬೇಕು. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ದೀರ್ಘವಾದ ಉಸಿರುಗಳನ್ನು ಎಳೆಯಿಸಬೇಕು: ಮೂಗಿನಿಂದ ಮೆಲ್ಲಗೆ, ಎದೆ ತುಂಬುವಷ್ಟು; ಮೂರು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಬಿಡಬೇಕು. ದೇಹ ಮರೆತಿರುವ ನಿಟ್ಟುಸಿರನ್ನು ನಾವು ಮನಃಪೂರ್ವಕವಾಗಿ ಮಾಡಿಸುವುದು, ಇಷ್ಟೇ. ಹಲವು ಆಸ್ಪತ್ರೆಗಳಲ್ಲಿ ಮೂರು ಗುಂಡುಗಳಿರುವ ಪ್ಲಾಸ್ಟಿಕ್ ಉಪಕರಣವೊಂದನ್ನು ಕೊಡುತ್ತಾರೆ. ಅದನ್ನು ಕೊಳಲಿನಂತೆ ಊದುವವರೇ ಹೆಚ್ಚು. ಊದಿದರೆ ಪ್ರಯೋಜನವಿಲ್ಲ, ಬಾವಿಯಿಂದ ನೀರು ಸೇದುವಂತೆ ಗಾಳಿಯನ್ನು ಒಳಕ್ಕೆ ಸೇದಿ ಗುಂಡುಗಳನ್ನು ಮೇಲೇರಿಸಬೇಕು. ಉಪಕರಣ ಇಲ್ಲವೆಂದು ಕೊರಗಬೇಕಾಗಿಲ್ಲ. ಅದಿಲ್ಲದೆ ಮಾಡುವ ದೀರ್ಘಶ್ವಾಸವೂ ಅದಕ್ಕೆ ಕಡಿಮೆಯಿಲ್ಲವೆಂದು ಹೋಲಿಕೆಯ ಅಧ್ಯಯನಗಳು ಹೇಳುತ್ತವೆ.

ಅನಂತರ ಕೆಮ್ಮು. ತಲೆದಿಂಬನ್ನೋ ಮಡಿಚಿದ ಕೌದಿಯನ್ನೋ ಗಾಯದ ಮೇಲೆ ಎರಡೂ ಕೈಗಳಿಂದ ಒತ್ತಿಹಿಡಿದು, ಉಸಿರು ತುಂಬಿಕೊಂಡು ಎರಡು ಮೂರು ಬಾರಿ ಕೆಮ್ಮಿ ಕಫವನ್ನು ಉಗುಳಬೇಕು. ಸರಿಯಾಗಿ ಹಾಕಿದ ಹೊಲಿಗೆ ಹೀಗೆ ಆಸರೆ ಹಿಡಿದು ಕೆಮ್ಮಿದರೆ ಹರಿಯುವುದಿಲ್ಲ. ಈಗ ತಡೆದ ಕೆಮ್ಮು ನಾಲ್ಕು ದಿನದ ಮೇಲೆ ನ್ಯುಮೋನಿಯಾದ ತಡೆಯಲಾಗದ ಕೆಮ್ಮಾಗಿ ಬಂದರೆ ಗಾಯಕ್ಕೆ ಆಗುವ ಜಗ್ಗಾಟವೇ ಹೆಚ್ಚು. ಕಣ್ಣು, ಮಿದುಳುಗಳ ಶಸ್ತ್ರಚಿಕಿತ್ಸೆಯಾದವರು ಮಾತ್ರ ಕೆಮ್ಮುವ ವಿಚಾರದಲ್ಲಿ ಶಸ್ತ್ರವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನೋವು ಬಹಳವಿದ್ದು ಕೆಮ್ಮಲಾರದಿದ್ದರೆ ಸಹಿಸಿಕೊಂಡಿರುವುದು ಶೌರ್ಯವಲ್ಲ; ನೋವಿಗೆ ಔಷಧ ಕೇಳಿ ಪಡೆಯಬೇಕು. ಆಳವಾಗಿ ಉಸಿರಾಡುವಷ್ಟು ನೋವು ತಗ್ಗಬೇಕು, ಕರೆದರೆ ಓಗೊಡುವಷ್ಟು ಎಚ್ಚರ ಉಳಿಯಬೇಕು. ಔಷಧದ ಹದ ಇವೆರಡರ ನಡುವೆ ಇದೆ. ದಿನಕ್ಕೆರಡು ಬಾರಿ ಹಲ್ಲುಜ್ಜಿ ಬಾಯಿ ತೊಳೆಸುವುದೂ ಚಿಕಿತ್ಸೆಯೇ. ಬಾಯಿಯ ರೋಗಾಣುಗಳೇ ಶ್ವಾಸಕೋಶಕ್ಕೆ ಇಳಿಯುವುದು. ಕಡೆಯದಾಗಿ, ವೈದ್ಯರು ಒಪ್ಪಿದ ಕೂಡಲೆ, ಸಾಧ್ಯವಾದರೆ ಅದೇ ದಿನ ಇಲ್ಲವೆ ಮಾರನೆಯ ಬೆಳಿಗ್ಗೆ, ಹಾಸಿಗೆಯಿಂದಿಳಿಸಿ ಕೂರಿಸಬೇಕು, ನಡೆಸಬೇಕು. ಏಳಲಾಗದವರು ಮಲಗಿದಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು.

ಪಾದ ಆಡಿಸುವುದಕ್ಕೂ ಉಸಿರಿಗೂ ಏನು ಸಂಬಂಧವೆಂದು ಕೇಳಬಹುದು. ಕಾಲಿನ ಒಳಗಿನ ದೊಡ್ಡ ರಕ್ತನಾಳಗಳಲ್ಲಿ ನಿಂತ ರಕ್ತ ಹೆಪ್ಪುಗಟ್ಟಬಹುದು; ಆ ಹೆಪ್ಪು ಕಳಚಿ, ಹೃದಯವನ್ನು ಹಾದು, ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡಬೀಳಬಹುದು. ಈ ಪ್ರಯಾಣವನ್ನು 1840ರ ದಶಕದಲ್ಲಿ ಮೊದಲು ಬಿಡಿಸಿ ತೋರಿಸಿದವರು ಬರ್ಲಿನ್ನಿನ ವಿರ್ಕೋ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ವೃದ್ಧರು, ಕ್ಯಾನ್ಸರ್ ರೋಗಿಗಳು, ಬಾಣಂತಿಯರು, ಸ್ಥೂಲಕಾಯದವರು ಈ ಅಪಾಯಕ್ಕೆ ಹೆಚ್ಚು ಗುರಿ. ನೆಟ್ಟಗಿದ್ದ ಮನುಷ್ಯ ಒಮ್ಮೆಲೇ ಏದುಸಿರು ಬಿಡುತ್ತಾ, ಎದೆ ಹಿಡಿದುಕೊಂಡು ಕುಸಿಯುವುದು ಇದರ ಲಕ್ಷಣ. ಇದು ಹತ್ತಾರು ದಿನಗಳ ಮೇಲೆ, ರೋಗಿ ಊರು ಸೇರಿದ ಮೇಲೂ ಬರಬಹುದು.

ಊರು ಸೇರಿದ ಮೇಲೆ ಎಂಬ ಮಾತು ನಮಗೆ ಬಹಳ ಮುಖ್ಯ. ಹಿಂದೆ ದೊಡ್ಡ ಶಸ್ತ್ರಚಿಕಿತ್ಸೆಗೆ 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿಗೋ, 1961ರಲ್ಲಿ ಆರಂಭವಾದ ಬಳ್ಳಾರಿಯ ಕಾಲೇಜಿಗೋ ಹೋಗಬೇಕಿತ್ತು. 2015ರಿಂದ ಕೊಪ್ಪಳದಲ್ಲಿಯೇ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಎಲ್ಲಿ ಶಸ್ತ್ರಚಿಕಿತ್ಸೆಯಾದರೂ ನಾಲ್ಕೈದು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಶ್ವಾಸಕೋಶದ ತೊಡಕುಗಳೋ ಮೊದಲ ವಾರವಿಡೀ ಹೊಂಚುಹಾಕಿರುತ್ತವೆ. ಆದ್ದರಿಂದ ಅಪಾಯದ ಚಿಹ್ನೆಗಳು ಮನೆಯವರಿಗೆ ಗೊತ್ತಿರಬೇಕು. ರೋಗಿ ವಿಶ್ರಾಂತಿಯಲ್ಲಿರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಉಸಿರನ್ನು ಎಣಿಸಿರಿ. ಹನ್ನೆರಡರಿಂದ ಇಪ್ಪತ್ತು ಸಹಜ. ಇಪ್ಪತ್ನಾಲ್ಕನ್ನು ಮೀರಿದರೆ ವೈದ್ಯರಿಗೆ ತಿಳಿಸಬೇಕು. ಜ್ವರ, ಬಣ್ಣಗೆಟ್ಟ ಕಫ, ಕಫದಲ್ಲಿ ರಕ್ತ, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ಅಥವಾ ನೋವು, ಇವನ್ನು ಉಪೇಕ್ಷಿಸಬಾರದು. ವಯಸ್ಸಾದವರಲ್ಲಿ ಜ್ವರ ಕಾಣಿಸದೆ ಬರಿಯ ಮಂಕು, ಅಸಂಬದ್ಧ ಮಾತುಗಳೇ ಮೊದಲ ಚಿಹ್ನೆಯಾಗಬಹುದು. ಮುದುಕರಿಗೆ ಅರಳುಮರಳು ಎಂದು ಬಿಟ್ಟುಬಿಡಬಾರದು. ತುಟಿ ನೀಲಿಯಾದರೆ, ವಾಕ್ಯ ಮುಗಿಸಲಾರದಷ್ಟು ಏದುಸಿರಿದ್ದರೆ ಕಾಯದೆ 108ಕ್ಕೆ ಕರೆ ಮಾಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ತತ್ತ್ವವನ್ನು ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ಕಂಡುಹಿಡಿದರು. 2020ರ ಕೊರೋನಾ ಅದನ್ನು ಹಳ್ಳಿಯ ಆಶಾ ಕಾರ್ಯಕರ್ತೆಯರ ಕೈಗೂ ತಲುಪಿಸಿತು. ಅದರಲ್ಲಿ 95ರ ಮೇಲಿದ್ದರೆ ಸಮಾಧಾನ. 94ರ ಕೆಳಗೆ ಇಳಿದರೆ ವೈದ್ಯರ ಸಲಹೆ ಬೇಕು. 90ಕ್ಕಿಂತ ಕೆಳಗಾದರೆ ತುರ್ತು. ಉಗುರಿಗೆ ಬಣ್ಣವಿದ್ದರೆ, ಬೆರಳು ತಣ್ಣಗಿದ್ದರೆ ಅದು ಸುಳ್ಳು ಹೇಳುತ್ತದೆಂಬುದೂ ನೆನಪಿರಲಿ.

ಇದೆಲ್ಲ ಬರಿಯ ಮಾತು, ಔಷಧವೇನೂ ಹೇಳಲಿಲ್ಲವಲ್ಲ ಎಂದು ಕೇಳುಗರಿಗೆ ಅನ್ನಿಸಬಹುದು. ಅದಕ್ಕೆ ಉತ್ತರವಾಗಿ ಒಂದು ಪ್ರಯೋಗವನ್ನು ಹೇಳುತ್ತೇನೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮೂರು ಆಸ್ಪತ್ರೆಗಳಲ್ಲಿ ಹೊಟ್ಟೆಯ ಮೇಲ್ಭಾಗದ ದೊಡ್ಡ ಶಸ್ತ್ರಚಿಕಿತ್ಸೆಗೆ ಬಂದ 441 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂದು ಕಿರುಹೊತ್ತಗೆಯನ್ನು ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಹೊತ್ತಗೆಯ ಜೊತೆಗೆ, ಭೌತಚಿಕಿತ್ಸಕರೊಬ್ಬರು ಶಸ್ತ್ರಚಿಕಿತ್ಸೆಗೆ ಮುಂಚೆ ಅರ್ಧ ಗಂಟೆ ಕುಳಿತು, ಶ್ವಾಸಕೋಶ ಏಕೆ ಕುಸಿಯುತ್ತದೆ, ಉಸಿರನ್ನು ಹೇಗೆ ಎಳೆಯಬೇಕು ಎಂಬುದನ್ನು ತಿಳಿಸಿ ಅಭ್ಯಾಸ ಮಾಡಿಸಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊತ್ತಗೆ ಮಾತ್ರ ಪಡೆದವರಲ್ಲಿ ನೂರಕ್ಕೆ 27 ಮಂದಿಗೆ ಶ್ವಾಸಕೋಶದ ತೊಡಕು ಬಂದಿತ್ತು. ಅರ್ಧ ಗಂಟೆಯ ಮಾತು ಕೇಳಿದವರಲ್ಲಿ ನೂರಕ್ಕೆ 12 ಮಂದಿಗೆ ಮಾತ್ರ. ಹೊಸ ಔಷಧವಿಲ್ಲ, ಯಂತ್ರವಿಲ್ಲ, ವೆಚ್ಚವಿಲ್ಲ.

ನೋವು ಆರಂಭವಾಗುವ ಮುಂಚೆಯೇ ಕಲಿತದ್ದು ನೋವಿನ ನಡುವೆಯೂ ನೆನಪಿಗೆ ಬರುತ್ತದೆ ಎಂಬುದೇ ಇದರ ಗುಟ್ಟು. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಗೊತ್ತಾದರೆ, ದಿನ, ಖರ್ಚು, ಹಾಸಿಗೆಗಳ ವಿಚಾರ ಕೇಳಿದ ಮೇಲೆ ವೈದ್ಯರನ್ನು ಇನ್ನೆರಡು ಪ್ರಶ್ನೆ ಕೇಳಿರಿ: "ಉಸಿರಿನ ಅಭ್ಯಾಸವನ್ನು ಯಾರು ಹೇಳಿಕೊಡುತ್ತಾರೆ? ಯಾವಾಗ ಎಬ್ಬಿಸಿ ನಡೆಸಬಹುದು?" ಪಕ್ಕದಲ್ಲಿ ಕೂರುವವರು ಯಾರೋ, ಅವರೂ ಆ ಪಾಠಕ್ಕೆ ಹಾಜರಿರಲಿ. ರಾತ್ರಿ ಎರಡು ಗಂಟೆಗೆ ಎಚ್ಚರವಾದ ರೋಗಿಗೆ ಕೌದಿಯನ್ನು ಮಡಿಚಿ ಹೊಟ್ಟೆಗೆ ಆಸರೆ ಕೊಟ್ಟು, "ದೊಡ್ಡದಾಗಿ ಉಸಿರು ತಗೊಳ್ಳಪ್ಪಾ" ಎನ್ನಬೇಕಾದವರು ಅವರೇ.